‘ವಯ್ಯಾಶೊವ್’: ಮರಳಿದನೋ, ಕುಳಿತನೋ?

ಪ್ರಶ್ನೆ: ನಾನು ದೇವಶಾಸ್ತ್ರದ ವಿದ್ಯಾರ್ಥಿ. ಹೀಬ್ರೂ ಬೈಬಲಿನಲ್ಲಿ ವಾವ್, ಯೋದ್, ಶೀನ್, ಬೇತ್ (ಬ ಅಥವಾ ವ) ಎಂಬ ನಾಲ್ಕಕ್ಷರದ ಕ್ರಿಯಾಪದ ಕಂಡರೆ ‘ಮರಳಿದನು’ ಎನ್ನಬೇಕೋ ‘ಕುಳಿತನು’ ಎನ್ನಬೇಕೋ ತಿಳಿಯುವುದಿಲ್ಲ. ಇನ್ನೊಂದು ಸಂಶಯ: ಆದಿಕಾಂಡ 26:18ರಲ್ಲಿ ಇಸಾಕನು ಬಾವಿ ತೋಡಿಸುವ ಮಾತಿಗೆ ಮುಂಚೆ ‘ಶೂವ್’ (ಮರಳು) ಧಾತು ಇದೆ. ಅವನು ಎಲ್ಲಿಂದ ಎಲ್ಲಿಗೆ ಮರಳಿದ?

ಉತ್ತರ: ಆ ನಾಲ್ಕಕ್ಷರಕ್ಕೆ ಮುಖ್ಯವಾಗಿ ನಾಲ್ಕು ಓದುಗಳಿವೆ; ನೀವು ಕೇಳಿದ್ದು ಎರಡನ್ನು. ಮೊದಲು ಯೋದ್ ಕೆಳಗಿನ ಸ್ವರಚಿಹ್ನೆ ನೋಡಿ. ಪಕ್ಕಪಕ್ಕದಲ್ಲಿ ಎರಡು ಚುಕ್ಕಿ (ತ್ಸೇರೆ) ಇದ್ದರೆ ಅದು ‘ವಯ್ಯೇಶೆವ್’. ಧಾತು ‘ಯಾಶವ್’, ಕುಳಿತನು, ನೆಲೆಸಿದನು ಎಂದರ್ಥ. ಒಂದೇ ಚುಕ್ಕಿ (ಹೀರೆಕ್) ಇದ್ದರೆ ‘ವಯ್ಯಿಶ್ಬ್’, ಸೆರೆಹಿಡಿದನು. ಇದು ಅಪರೂಪ, ಅರಣ್ಯಕಾಂಡ 21:1ರಲ್ಲಿ ಸಿಗುತ್ತದೆ. ‘T’ ಆಕಾರದ ಕಾಮೆಟ್ಸ್ ಇದ್ದರೆ ಧಾತು ‘ಶೂವ್’. ಆಗ ಶೀನ್ ಕೆಳಗೂ ನೋಡಬೇಕು. ಅಲ್ಲಿ ಮೂರು ಚುಕ್ಕಿಯ ಸೆಗೋಲ್ ಇದ್ದರೆ ಪ್ರೇರಣಾರ್ಥಕ ಹಿಫೀಲ್, ‘ವಯ್ಯಾಶೆವ್’, ಮರಳಿಸಿದನು. ಅಲ್ಲಿಯೂ ಕಾಮೆಟ್ಸ್ ಇದ್ದರೆ ‘ವಯ್ಯಾಶೊವ್’, ಮರಳಿದನು.

ಹೆಚ್ಚಿನವರು ಎಡವುವುದು ಈ ಎರಡನೇ ಕಾಮೆಟ್ಸಿನಲ್ಲೇ. ಒತ್ತು (ಉಚ್ಚಾರದ ಬಲ) ಹಿಂದಿನ ‘ಯಾ’ ಮೇಲೆ ಸರಿದಿರುತ್ತದೆ. ವ್ಯಂಜನದಲ್ಲಿ ಮುಗಿಯುವ, ಒತ್ತಿಲ್ಲದ ಉಚ್ಚಾರಾಂಶದ ಕಾಮೆಟ್ಸನ್ನು ಹ್ರಸ್ವ ‘ಒ’ ಎಂದು ಓದಬೇಕು. ‘ವಯ್ಯಾಶಾವ್’ ಎಂಬ ರೂಪ ಇಲ್ಲ.

ಅಭ್ಯಾಸಕ್ಕೆ ಆದಿಕಾಂಡ 22:19ಕ್ಕಿಂತ ಒಳ್ಳೆಯ ವಚನ ಬೇಡ. ಅಬ್ರಹಾಮ ಸೇವಕರ ಬಳಿಗೆ ಮರಳುತ್ತಾನೆ (ವಯ್ಯಾಶೊವ್), ಕೊನೆಗೆ ಬೇರ್ಷೆಬದಲ್ಲಿ ನೆಲೆಸುತ್ತಾನೆ (ವಯ್ಯೇಶೆವ್). ಸ್ವರಚಿಹ್ನೆ ಇಲ್ಲದ ಸುರುಳಿಯಲ್ಲಿ ಎರಡೂ ಒಂದೇ. ಅಲ್ಲಿ ಮುಂದಿನ ಪದಗಳು ದಾರಿ ತೋರುತ್ತವೆ: ಒಂದರ ಜೊತೆ ‘ಎಲ್’ (ಕಡೆಗೆ), ಇನ್ನೊಂದರ ಜೊತೆ ‘ಬೆ’ (-ಅಲ್ಲಿ).

ಇನ್ನು ಇಸಾಕ. ಅವನು ಎಲ್ಲಿಗೂ ಮರಳಲಿಲ್ಲ. ‘ಶೂವ್’ ಆದ ತಕ್ಷಣ ಅದೇ ಲಿಂಗ, ವಚನ, ಪುರುಷದ ಇನ್ನೊಂದು ಕ್ರಿಯಾಪದ ಬಂದು, ಹೋಗುವ ಜಾಗದ ಮಾತೇ ಇಲ್ಲದಿದ್ದರೆ, ಮೊದಲನೆಯದು ‘ಮತ್ತೆ’ ಎಂಬ ಅರ್ಥವನ್ನಷ್ಟೇ ಕೊಡುತ್ತದೆ. ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮುಚ್ಚಿದ್ದರು. ಇಸಾಕ ಅವನ್ನು ತಿರುಗಿ ತೋಡಿಸಿದ. ಕನ್ನಡಿಗರಿಗೆ ಇದು ಸುಲಭ, ಏಕೆಂದರೆ ನಮ್ಮ ‘ತಿರುಗಿ’ಯೂ ಹೀಗೆಯೇ: ‘ಊರಿಗೆ ತಿರುಗಿ ಬಂದ’ ಎಂದರೆ ಚಲನೆ, ‘ತಿರುಗಿ ಕೇಳಿದ’ ಎಂದರೆ ಮತ್ತೊಮ್ಮೆ. ಜೆಕರ್ಯ 5:1ರಲ್ಲಿ ಪ್ರವಾದಿ ‘ತಿರುಗಿ’ ಕಣ್ಣೆತ್ತುವುದೂ ಇದೇ ರಚನೆ. ‘ಮರಳಿದನು, ಮತ್ತು ತೋಡಿಸಿದನು’ ಎಂದು ಪದಕ್ಕೆ ಪದ ಇಟ್ಟರೆ ಇಲ್ಲದ ಪ್ರಯಾಣವೊಂದು ಹುಟ್ಟಿಕೊಳ್ಳುತ್ತದೆ.

ಇಷ್ಟು ಕೈಗೆ ಬಂದ ಮೇಲೆ ರೂತಳು ಪುಸ್ತಕದ ಮೊದಲ ಅಧ್ಯಾಯ ಓದಿ. ‘ಶೂವ್’ ಅಲ್ಲಿ 12 ಸಲ ಬರುತ್ತದೆ. 21ನೇ ವಚನದ್ದು ಮಾತ್ರ ಹಿಫೀಲ್: ದೇವರು ತನ್ನನ್ನು ಬರಿಗೈಯಲ್ಲಿ ಮರಳಿಸಿದನೆಂದು ನೊವೊಮಿ ಹೇಳುವ ಮಾತು. 15ನೇ ವಚನದ ‘ಶಾವಾ’ ಪದದಲ್ಲಿ ಒತ್ತು ‘ಶಾ’ ಮೇಲಿದೆ, ಆದ್ದರಿಂದ ಭೂತಕಾಲ: ನೊವೊಮಿಯ ಸೊಸೆ ಒರ್ಪಾ ಮರಳಿದಳು. ಎಸ್ತೇರಳು 2:14ರ ‘ಶಾವಾ’ದಲ್ಲಿ ಒತ್ತು ‘ವಾ’ ಮೇಲೆ ಬೀಳುವುದರಿಂದ ‘ಮರಳುವಳು’ ಎಂಬ ರೂಢಿಯ ಅರ್ಥ. ಮಧ್ಯಯುಗದ ವ್ಯಾಖ್ಯಾನಕಾರ ರಾಶಿ ಈ ಎರಡು ವಚನಗಳನ್ನೇ ಜೊತೆಗಿಟ್ಟು ಈ ಭೇದವನ್ನು ತೋರಿಸಿದ್ದಾನೆ.