ಜಪಾನಿ ಇನ್ಲೇ ಗಡಿಯಾರ: ಆ ಕಪ್ಪು ಕೊಳೆಯಲ್ಲ

ಪ್ರಶ್ನೆ: ಮನೆಯಲ್ಲಿ ಹಿತ್ತಾಳೆ ಚೌಕಟ್ಟಿನ, ಮೇಲೆ ಹಿಡಿಯಿರುವ ಹಳೆಯ ಫ್ರೆಂಚ್ ಕ್ಯಾರಿಯೇಜ್ (ಪ್ರಯಾಣದಲ್ಲಿ ಒಯ್ಯುವ) ಗಡಿಯಾರವಿದೆ. ಎರಡು ಪಕ್ಕಗಳಲ್ಲಿ ಗಾಜಿನ ಬದಲು ಕಪ್ಪು ಲೋಹದ ಜಪಾನಿ ಫಲಕಗಳಿದ್ದು, ಚಿನ್ನ-ಬೆಳ್ಳಿ ಕೂರಿಸಿ (ಇನ್ಲೇ) ಕೊಕ್ಕರೆ, ಬಿದಿರು ಮೂಡಿಸಿದ್ದಾರೆ. ಹಿತ್ತಾಳೆ ಪಾಲಿಶ್ ಹಾಕಿ ಉಜ್ಜಿದೆವು, ಒಂದು ಮೂಲೆ ಕೆಂಪಗಾಯಿತು. ಬಿದ್ರಿಗೆ ಬಳಸುವ ಬೀದರ್ ಕೋಟೆಯ ಮಣ್ಣಿನಿಂದ ಮತ್ತೆ ಕಪ್ಪು ಮಾಡಬಹುದೇ?

ಉತ್ತರ: ಖಂಡಿತ ಬೇಡ. ಬಿದ್ರಿಯ ತಳಲೋಹ ಬಹುಪಾಲು ಸತು. ಮಣ್ಣು, ನವಸಾಗರದ ದ್ರಾವಣಕ್ಕೆ ಕಪ್ಪಾಗುವುದು ಸತು ಹೆಚ್ಚಿರುವ ಆ ಮಿಶ್ರಲೋಹ. ನಿಮ್ಮ ಫಲಕ ಉಜ್ಜಿದಲ್ಲಿ ಕೆಂಪಗೆ ಕಂಡಿದೆ ಎಂದರೆ ಅಡಿಯಲ್ಲಿರುವುದು ತಾಮ್ರ, ಬಹುಶಃ ಶಕುಡೋ: ತಾಮ್ರಕ್ಕೆ ಶೇ. 3ರಿಂದ 5ರಷ್ಟು ಚಿನ್ನ ಬೆರೆಸಿದ ಮಿಶ್ರಲೋಹ. ಅದನ್ನು ರೋಕುಶೋ ಎಂಬ ತಾಮ್ರ ಲವಣಗಳ ದ್ರಾವಣದಲ್ಲಿ ಕುದಿಸಿದಾಗ ನೀಲಿಗಪ್ಪು ಪೊರೆ ಕಟ್ಟುತ್ತದೆ. ಕತ್ತಿಯ ಅಲಂಕಾರಕ್ಕೆ ಇದನ್ನು ಬಳಸುತ್ತಿದ್ದ ಕುಶಲಕರ್ಮಿಗಳು, 1876ರಲ್ಲಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂದ ಮೇಲೆ ಹೂದಾನಿ, ಡಬ್ಬಿಗಳತ್ತ ಹೊರಳಿದರು. ಪ್ಯಾರಿಸ್‌ನಲ್ಲಿ ಅದೇ ಶೈಲಿಯ ನಕಲುಗಳೂ ತಯಾರಾದವು. ಅವುಗಳ ಕಪ್ಪೂ ಉಜ್ಜಿದರೆ ಹೋಗುವಂಥದ್ದೇ.

ಈ ಪೊರೆ ತೀರಾ ತೆಳು. ಪಾಲಿಶ್‌ನ ಸಣ್ಣ ಮರಳಿಗೂ ಅಮೋನಿಯಾಕ್ಕೂ ತಡೆಯದು. ಮೂಲೆಗಷ್ಟೇ ಬಣ್ಣ ಕಟ್ಟಿಸಿದರೆ ತೇಪೆ ಎದ್ದು ಕಾಣುತ್ತದೆ. ಸರಿಯಾಗಿ ಮಾಡಬೇಕೆಂದರೆ ಇಡೀ ಫಲಕದ ಪೊರೆ ತೆಗೆದು ಹೊಸದಾಗಿ ಕುದಿಸಬೇಕು. ಆ ಕೆಲಸ ಜಪಾನಿ ಲೋಹದಲ್ಲಿ ಪಳಗಿದ ಸಂರಕ್ಷಕರಿಗೇ ಸೇರಿದ್ದು. ಕೆಂಪು ಮೂಲೆ ಕಾಲಕ್ರಮೇಣ ಕಂದಾಗುತ್ತದೆ, ಹಾಗೇ ಬಿಡಿ. ಗೆರೆಗಳಲ್ಲಿ ಕೂತ ಬಿಳಿ ಪಾಲಿಶ್ ಪುಡಿಯನ್ನು ಒಣ, ಮೃದು ಬ್ರಷ್‌ನಿಂದ ಉದುರಿಸಿ. ಆಮೇಲೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು (ಲೋಹದ ರಕ್ಷಣೆಗೆ ಬಳಸುವ ನಯವಾದ ಮೇಣ) ತೆಳ್ಳಗೆ ಸವರಿ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ಹುಣಸೆಹಣ್ಣು, ನಿಂಬೆ ಹತ್ತಿರ ಸುಳಿಯದಿರಲಿ.

ಫಲಕ ಬಿಚ್ಚಲು ತಳದ ತಿರುಪುಗಳನ್ನು ಸಡಿಲಿಸಬೇಕು. ಯಂತ್ರವನ್ನು ಹಿಡಿದಿರುವ ತಿರುಪುಗಳೂ ಅಲ್ಲೇ ಇರುತ್ತವೆ. ತಪ್ಪಿ ಬಿಚ್ಚಿದರೆ ಯಂತ್ರ ಜಾರಿ ಮುಂದಿನ ಗಾಜಿನ ಅಂಚು ಒಡೆಯಬಹುದು. ಅನುಭವವಿಲ್ಲದವರು ಫಲಕ ಇದ್ದಲ್ಲೇ ಮೇಣ ಹಚ್ಚುವುದು ಲೇಸು.

ಪ್ರಶ್ನೆ: ಫಲಕದ ತಳಲೋಹ ಕಬ್ಬಿಣವೇ ಎಂದು ಅಯಸ್ಕಾಂತ ಹಿಡಿದು ನೋಡಿದೆವು, ಅಂಟಲಿಲ್ಲ. ಆದರೆ ಅಂದಿನಿಂದ ಗಡಿಯಾರ ವಿಪರೀತ ಮುಂದೆ ಓಡುತ್ತಿದೆ. ಏಕೆ?

ಉತ್ತರ: ಪರೀಕ್ಷೆ ಸರಿ, ಜಾಗ ತಪ್ಪು. ಹಿಂದೆ-ಮುಂದೆ ತೂಗಿ ಗಡಿಯಾರದ ವೇಗ ನಿರ್ಧರಿಸುವ ಬ್ಯಾಲೆನ್ಸ್ ಚಕ್ರದ ಕೂದಲಿನಂಥ ಉಕ್ಕಿನ ಸ್ಪ್ರಿಂಗ್‌ಗೆ ಕಾಂತತೆ ತಗುಲಿದರೆ ಸುರುಳಿಗಳು ಒಂದಕ್ಕೊಂದು ಅಂಟಿ ಸ್ಪ್ರಿಂಗ್ ಗಿಡ್ಡವಾದಂತಾಗುತ್ತದೆ, ಬಡಿತ ವೇಗವಾಗುತ್ತದೆ. ಮೇಲಿನ ಗಾಜಿನ ಕಿಟಕಿಯಿಂದ ಇಣುಕಿ. ಸುರುಳಿಗಳ ನಡುವೆ ಸಮ ಅಂತರವಿಲ್ಲದಿದ್ದರೆ ರಿಪೇರಿಯವರ ಬಳಿ ಡಿಮ್ಯಾಗ್ನೆಟೈಸ್ ಮಾಡಿಸಿ (ಕಾಂತತೆ ತೆಗೆಸಿ). ಅಂತರ ಸಮವಾಗಿದ್ದರೆ ಮಾತ್ರ ವೇಗ ಹೊಂದಿಸುವ ಸಣ್ಣ ಸನ್ನೆಕಡ್ಡಿಯನ್ನು ‘ಆರ್’ (ಫ್ರೆಂಚ್‌ನಲ್ಲಿ ರಿಟಾರ್ಡ್, ನಿಧಾನ) ಕಡೆಗೆ ಎಳ್ಳಿನಷ್ಟು ಸರಿಸಿ, ಒಂದು ದಿನ ಬಿಟ್ಟು ನೋಡಿ. ‘ಎ’ (ಅವಾನ್ಸ್, ಮುಂದೆ) ಕಡೆ ಸರಿಸಿದರೆ ಇನ್ನಷ್ಟು ಓಡುತ್ತದೆ.