ದಸರೆ ಮುಗಿದ ಮೇಲೆ ಆ ಹುಡುಗರು ಎಲ್ಲಿಗೆ ಹೋಗುತ್ತಾರೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ: ಪ್ರವಾಸೋದ್ಯಮ ಮತ್ತು ಹೋಟೆಲ್ ನಿರ್ವಹಣೆಯಲ್ಲಿ ಪಿಎಚ್.ಡಿ.

ಪ್ರಶ್ನೆ: ಮಾನ್ಯರೇ, ನಾನು ಮಂಡ್ಯದವಳು. ಪ್ರವಾಸೋದ್ಯಮದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು ಶೇ. 58 ಅಂಕಗಳೊಂದಿಗೆ ಮುಗಿಸಿ, ಹತ್ತು ವರ್ಷಗಳಿಂದ ಮೈಸೂರಿನ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೇನೆ. ದಿನವೂ ರೈಲಿನಲ್ಲಿ ಓಡಾಟ. ಮೊನ್ನೆಗೆ 34 ತುಂಬಿತು, ಆರು ವರ್ಷದ ಮಗಳಿದ್ದಾಳೆ. ಪಿಎಚ್.ಡಿ. ಮಾಡಬೇಕೆಂಬ ಆಸೆ ಬಹಳ ದಿನದ್ದು. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ’ ಎಂದು ಮನೆಯಲ್ಲಿ ಕೇಳುತ್ತಾರೆ. ‘ಮೈಸೂರು ನಗರದ ಹೋಟೆಲುಗಳಲ್ಲಿ ಗ್ರಾಹಕರ ತೃಪ್ತಿ’ ಎಂಬ ವಿಷಯವನ್ನು ಆಯ್ದುಕೊಂಡಿದ್ದೇನೆ. ದಸರೆಯ ಹತ್ತು ದಿನ ನಮ್ಮಲ್ಲಿ ಕೋಣೆ ಕೇಳಿದವರಿಗೆಲ್ಲ ಇಲ್ಲವೆನ್ನಬೇಕು. ಅದು ಮುಗಿದ ಮೇಲೆ, ಆ ಹತ್ತು ದಿನಕ್ಕೆಂದು ಸೇರಿಸಿಕೊಂಡ ಹುಡುಗರನ್ನು ಲೆಕ್ಕ ಚುಕ್ತಾ ಮಾಡಿ ಮನೆಗೆ ಕಳಿಸುವ ಕೆಲಸವೂ ನನ್ನ ಪಾಲಿಗೇ ಬರುತ್ತದೆ. ಇಂಥ ನೌಕರಿಯ ನಡುವೆ ಓದು ಸಾಧ್ಯವೇ? ಕೆಲಸ ಬಿಡಬೇಕೇ? ಪಿಎಚ್.ಡಿ. ಆದರೆ ಪ್ರಯೋಜನವೇನು?
– ಹೆಸರು ಬೇಡ, ಮಂಡ್ಯ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಮನೆಯವರ ಮಾತಿಗೆ ಉತ್ತರ ಹೇಳುತ್ತೇನೆ, ಏಕೆಂದರೆ ಅದು ಅತ್ಯಂತ ಸುಲಭ. ಪಿಎಚ್.ಡಿ. ಪ್ರವೇಶಕ್ಕೆ ವಯಸ್ಸಿನ ಮಿತಿಯಿಲ್ಲ. ವಯಸ್ಸಿನ ಮಿತಿ ಇರುವುದು ಸಂಶೋಧನಾ ವೇತನಕ್ಕೆ, ಅಂದರೆ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್.ಇ.ಟಿ.ಯ ಮೂಲಕ ಸಿಗುವ ಜೆ.ಆರ್.ಎಫ್.ಗೆ. ಅದರ ಮಿತಿ 30 ವರ್ಷ. ಮಹಿಳೆಯರಿಗೆ ಐದು ವರ್ಷದ ಸಡಿಲಿಕೆ ಉಂಟು. ನಿಮಗೀಗ 34 ಆಗಿರುವುದರಿಂದ ಈ ಬಾಗಿಲು ಇನ್ನೂ ಸ್ವಲ್ಪ ಕಾಲ ಮಾತ್ರ ತೆರೆದಿರುತ್ತದೆ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ನಮ್ಮ ವಿಷಯ ಅದರಲ್ಲಿ ‘ಪ್ರವಾಸೋದ್ಯಮ ಆಡಳಿತ ಮತ್ತು ನಿರ್ವಹಣೆ’ ಎಂಬ ಹೆಸರಿನಲ್ಲಿದೆ, ಸಂಕೇತ ಸಂಖ್ಯೆ 93. ಬೇರೆಲ್ಲ ಯೋಚನೆಯನ್ನು ಬದಿಗಿಟ್ಟು ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿ. ಜೆ.ಆರ್.ಎಫ್. ದೊರೆತರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂಬುದು 2023ರ ಜನವರಿಯಿಂದ ಜಾರಿಯಲ್ಲಿರುವ ದರ. ಅದನ್ನು ಪಡೆಯುವವರು ಪೂರ್ಣಾವಧಿ ಸಂಶೋಧಕರಾಗಿರಬೇಕು, ಸಂಬಳದ ಕೆಲಸದಲ್ಲಿ ಇರುವಂತಿಲ್ಲ. ಹಾಗಾಗಿ ಕೆಲಸ ಬಿಡಬೇಕೇ ಎಂಬ ಪ್ರಶ್ನೆಯನ್ನು ಆ ಫಲಿತಾಂಶ ಬಂದ ದಿನ ಕೇಳಿಕೊಳ್ಳಿ. ಅದಕ್ಕೆ ಮೊದಲು ರಾಜೀನಾಮೆಯ ಮಾತು ಎತ್ತಬೇಡಿ.

ಜೆ.ಆರ್.ಎಫ್. ಬಾರದಿದ್ದರೂ ದಾರಿ ಮುಚ್ಚುವುದಿಲ್ಲ. 2024ರ ಜೂನ್ ಸುತ್ತಿನಿಂದ ಎನ್.ಇ.ಟಿ. ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುವ ವ್ಯವಸ್ಥೆ ಬಂದಿದೆ. ಜೆ.ಆರ್.ಎಫ್. ಇಲ್ಲದೆ ಅರ್ಹರಾದವರಿಗೆ ಪರೀಕ್ಷೆಯ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30ರ ತೂಕ, ಆ ಅಂಕ ಒಂದು ವರ್ಷ ಊರ್ಜಿತ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) 2022ರ ನಿಯಮಾವಳಿಯ ಪ್ರಕಾರ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು, ನಿಮಗೆ ಅದಿದೆ. ಅರೆಕಾಲಿಕವಾಗಿ ಓದುವುದಕ್ಕೂ ಇದೇ ನಿಯಮಾವಳಿ ಅವಕಾಶ ಕೊಟ್ಟಿದೆ, ಆದರೆ ನಿಮ್ಮ ಹೋಟೆಲಿನವರಿಂದ ನಿರಾಕ್ಷೇಪಣಾ ಪತ್ರ ತರಬೇಕು. ಆ ಪತ್ರದಲ್ಲಿ ಓದಲು ಅನುಮತಿಯಿದೆ ಎಂಬ ಒಂದು ಸಾಲು ಸಾಲದು. ಸಂಶೋಧನೆಗೆ ಸಮಯ ಸಿಗುವಂಥ ಕೆಲಸ ನಿಮ್ಮದೆಂದೂ, ಕೋರ್ಸ್‌ವರ್ಕ್ ಎಂಬ ಆರಂಭದ ತರಗತಿ ಪಾಠಗಳನ್ನು ಮುಗಿಸಲು ಅಗತ್ಯವಾದರೆ ಬಿಡುವು ಕೊಡುತ್ತೇವೆಂದೂ ಅವರು ಬರೆದುಕೊಡಬೇಕು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್‌ಗಳದ್ದು. ಪಾಳಿಯ ಕೆಲಸ ಮಾಡುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಆ ಮಾತನ್ನು ಮ್ಯಾನೇಜರ ಬಾಯಿಂದ ಕೇಳಿ ಸುಮ್ಮನಾಗದೆ ಕಾಗದದ ಮೇಲೆ ಪಡೆಯಿರಿ.

ಅವಧಿ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯ ಮೂಲಕ ಇನ್ನೆರಡು ವರ್ಷ, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷ, ಹೀಗೆ ಒಟ್ಟು ಹತ್ತು ವರ್ಷದವರೆಗೆ ಅವಕಾಶವಿದೆ. ಹೆರಿಗೆ ಅಥವಾ ಮಕ್ಕಳ ಪಾಲನೆಗಾಗಿ 240 ದಿನಗಳವರೆಗೆ ರಜೆಯೂ ಉಂಟು. ಮಗುವಿರುವ ತಾಯಿ ಓದುವುದು ಅಪರೂಪದ ಸಂಗತಿಯೇನಲ್ಲ ಎಂದು ನಿಯಮವೇ ಒಪ್ಪಿಕೊಂಡಿದೆ. ಮನೆಯಲ್ಲಿ ಇದನ್ನು ಧೈರ್ಯವಾಗಿ ಹೇಳಿ.

ಪ್ರಯೋಜನದ ಬಗ್ಗೆ ನೇರವಾಗಿಯೇ ಹೇಳಬೇಕು. ಹೋಟೆಲಿನಲ್ಲಿ ಬಡ್ತಿಗಾಗಿ ನೀವು ಇದನ್ನು ಮಾಡುವುದಾದರೆ ಬೇಡ. ಅಲ್ಲಿ ನಿಮ್ಮ ಹತ್ತು ವರ್ಷದ ಅನುಭವಕ್ಕೆ ಇರುವ ಬೆಲೆ ಈ ಪದವಿಗೆ ಇಲ್ಲ. ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗುವುದಷ್ಟೇ ಗುರಿಯಾದರೆ, 2023ರ ಜುಲೈ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಎನ್.ಇ.ಟಿ. ಅಥವಾ ರಾಜ್ಯದ ಕೆ-ಸೆಟ್ ಅರ್ಹತೆ ಸಾಕು, ಪಿಎಚ್.ಡಿ. ಕಡ್ಡಾಯವಲ್ಲ. ಬೋಧನೆಯಲ್ಲಿ ಮುಂದಿನ ಮೆಟ್ಟಿಲಾದ ಸಹ ಪ್ರಾಧ್ಯಾಪಕ ಹುದ್ದೆಗೆ ಅದು ಬೇಕೇ ಬೇಕು. ಇವೆಲ್ಲಕ್ಕಿಂತ ಮಿಗಿಲಾಗಿ, ಉತ್ತರ ಸಿಗದ ಒಂದು ಪ್ರಶ್ನೆ ನಿಮ್ಮನ್ನು ಕಾಡುತ್ತಿದ್ದರೆ ಮಾತ್ರ ಆರೇಳು ವರ್ಷದ ಈ ದುಡಿಮೆ ಹೊರೆಯೆನಿಸುವುದಿಲ್ಲ.

ಅಂಥ ಪ್ರಶ್ನೆ ನಿಮ್ಮಲ್ಲಿ ಇದೆ. ನೀವು ಆಯ್ದ ವಿಷಯದಲ್ಲಿ ಅದಿಲ್ಲ. ಗ್ರಾಹಕರ ತೃಪ್ತಿಯ ಮೇಲೆ ಆಗಿರುವಷ್ಟು ಸಂಶೋಧನೆ ನಮ್ಮ ಕ್ಷೇತ್ರದಲ್ಲಿ ಬೇರೆ ವಿಷಯಗಳ ಮೇಲೆ ಆಗಿರುವುದು ಕಡಿಮೆ. 1988ರಲ್ಲಿ ಮೂವರು ಅಮೆರಿಕದ ವಿದ್ವಾಂಸರು ಸೇವೆಯ ಗುಣಮಟ್ಟವನ್ನು ಅಳೆಯುವ, 22 ಹೇಳಿಕೆಗಳ ‘ಸರ್ವ್‌ಕ್ವಾಲ್’ ಎಂಬ ಅಳತೆಗೋಲನ್ನು ರೂಪಿಸಿದರು. ಅಂದಿನಿಂದ ಅದೇ ಪ್ರಶ್ನಾವಳಿಯನ್ನು ಊರಿನ ಹೆಸರು ಬದಲಿಸಿ ಹಂಚುತ್ತಲೇ ಬಂದಿದ್ದೇವೆ. ಭಾರತದ ವಿಶ್ವವಿದ್ಯಾನಿಲಯಗಳ ಮಹಾಪ್ರಬಂಧಗಳೆಲ್ಲ ಸೇರುವ ‘ಶೋಧಗಂಗಾ’ ಜಾಲತಾಣದಲ್ಲಿ ಒಂದು ಸಂಜೆ ಕುಳಿತು ಹುಡುಕಿ ನೋಡಿ, ನನ್ನ ಮಾತು ನಿಮಗೇ ಮನವರಿಕೆಯಾಗುತ್ತದೆ. ನಿಮ್ಮ ನಿಜವಾದ ವಿಷಯ, ನೀವು ಗಮನವಿಲ್ಲದೆ ಬರೆದ ಒಂದು ವಾಕ್ಯದಲ್ಲಿದೆ: ದಸರೆಗೆ ಸೇರಿಸಿಕೊಂಡ ಹುಡುಗರಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸುವುದು. ಆ ಹುಡುಗರು ಯಾರು? ಯಾವ ಊರಿನವರು? ಹತ್ತು ದಿನ ಹಾಸಿಗೆ ಬದಲಿಸಿ, ಲಗೇಜು ಹೊತ್ತು, ಪಾತ್ರೆ ತೊಳೆದವರು ಹನ್ನೊಂದನೆಯ ದಿನ ಎಲ್ಲಿಗೆ ಹೋಗುತ್ತಾರೆ? ಮರುವರ್ಷ ಅವರೇ ಬರುತ್ತಾರೆಯೇ, ಹೊಸಬರು ಬರುತ್ತಾರೆಯೇ?

ಮಂಡ್ಯದವರಾದ ನಿಮಗೆ ಇದರ ಇನ್ನೊಂದು ತುದಿಯೂ ಗೊತ್ತು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಮುಂಗಾರಿನ ಭತ್ತದ ನಾಟಿ ಮುಗಿದು ಕೊಯ್ಲಿಗೆ ಇನ್ನೂ ದಿನವಿರುವ ಹೊತ್ತಿಗೇ ದಸರೆ ಬರುತ್ತದೆ. ಗದ್ದೆಯ ಬಿಡುವಿಗೂ ಹೋಟೆಲಿನ ನೂಕುನುಗ್ಗಲಿಗೂ ಸಂಬಂಧವಿದೆಯೇ? ಇದೆಯೆಂದು ಮೊದಲೇ ತೀರ್ಮಾನಿಸಬೇಡಿ. ಇಲ್ಲವೆಂದು ತೋರಿದರೂ ಅದು ಒಳ್ಳೆಯ ಸಂಶೋಧನೆಯೇ. ದಸರೆ ಹುಟ್ಟಿದ್ದು 1610ರಲ್ಲಿ, ಇಂದು ಮಂಡ್ಯ ಜಿಲ್ಲೆಯಲ್ಲಿರುವ ಶ್ರೀರಂಗಪಟ್ಟಣದಲ್ಲಿ. ಈಗ ಪ್ರವಾಸಿ ತಂಗುವುದು ಮೈಸೂರಿನಲ್ಲಿ, ಶ್ರೀರಂಗಪಟ್ಟಣವನ್ನು ನೋಡುವುದು ದಾರಿಯ ಮೇಲೆ. ಒಮ್ಮೆ ಅಲ್ಲಿನ ರಂಗನಾಥಸ್ವಾಮಿ ದೇವಾಲಯದ ಹೊರಗೆ ನನ್ನ ವಿದ್ಯಾರ್ಥಿಯೊಬ್ಬರು ಪ್ರಶ್ನಾವಳಿ ಹಿಡಿದು ನಿಂತಿದ್ದಾಗ, ಪಕ್ಕದಲ್ಲಿ ಎಳನೀರು ಕೆತ್ತುತ್ತಿದ್ದ ಹೆಂಗಸು ಮಚ್ಚು ನಿಲ್ಲಿಸದೆಯೇ, “ಬಸ್ಸು ನಿಲ್ಲೋದೇ ಅರ್ಧ ಗಂಟೆ ಕಣಪ್ಪ. ಅಷ್ಟ್ರೊಳಗೆ ದೇವ್ರ್ನ ನೋಡ್ತಾರೋ, ನನ್ನ ಎಳನೀರು ಕುಡೀತಾರೋ?” ಎಂದರು. ಆ ಪ್ರಶ್ನಾವಳಿಯ ನಾಲ್ಕು ಪುಟಗಳಲ್ಲಿ ಈ ಮಾತನ್ನು ಬರೆದುಕೊಳ್ಳಲು ಜಾಗವೇ ಇರಲಿಲ್ಲ. ವಿದ್ಯಾರ್ಥಿ ಅದನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡರು; ಕಡೆಗೆ ಪ್ರವಾಸಿ ಎಷ್ಟು ಹೊತ್ತು ನಿಲ್ಲುತ್ತಾನೆ ಎಂಬುದೇ ಅವರ ಪ್ರಬಂಧದ ಮುಖ್ಯ ಅಧ್ಯಾಯವಾಯಿತು.

ಒಂದು ಎಚ್ಚರಿಕೆ ಅಗತ್ಯ. ನೀವು ದುಡಿಯುವ ಹೋಟೆಲನ್ನೇ ಅಧ್ಯಯನ ಮಾಡುವುದಾದರೆ, ಹಾಜರಿ ಪುಸ್ತಕ, ಸಂಬಳದ ಪಟ್ಟಿ ನಿಮ್ಮ ಕೈಗೆ ಸಿಗುತ್ತವೆಂಬ ಕಾರಣಕ್ಕೆ ಅವನ್ನು ಬಳಸುವಂತಿಲ್ಲ. ಲಿಖಿತ ಅನುಮತಿ ಬೇಕು. ಅದಕ್ಕಿಂತ ಸೂಕ್ಷ್ಮವಾದದ್ದು, ಲೆಕ್ಕ ಚುಕ್ತಾ ಮಾಡುವವರೇ ಮುಂದೆ ಕುಳಿತು ಪ್ರಶ್ನೆ ಕೇಳಿದರೆ ಹುಡುಗ ನಿಜ ಹೇಳುವುದಿಲ್ಲ, ಏಕೆಂದರೆ ಮುಂದಿನ ದಸರೆಗೆ ಅವನಿಗೆ ಕೆಲಸ ಬೇಕು. ಆದ್ದರಿಂದ ಬೇರೆ ಹೋಟೆಲುಗಳನ್ನು ಆರಿಸಿಕೊಂಡು, ಮಾತುಕತೆಯನ್ನು ಅವರ ಊರಿನಲ್ಲಿ, ಅವರ ಬಿಡುವಿನಲ್ಲಿ ಇಟ್ಟುಕೊಳ್ಳುವುದು ಲೇಸು.

ಮಾರ್ಗದರ್ಶಕರ ವಿಚಾರದಲ್ಲಿ ಅವಸರ ಬೇಡ. ಪ್ರಾಧ್ಯಾಪಕರು ಒಮ್ಮೆಗೆ ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಸಂಶೋಧಕರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಜಾಗ ಖಾಲಿ ಇದೆಯೇ ಎಂದು ಮೊದಲೇ ವಿಚಾರಿಸಿ. ಅವರ ಲೇಖನಗಳನ್ನು ಓದಿ, ಅವರಲ್ಲಿ ಈಗ ಓದುತ್ತಿರುವವರ ಜೊತೆ ಮಾತನಾಡಿ, ಎರಡು ಪುಟ ಮೀರದ ಟಿಪ್ಪಣಿ ಹಿಡಿದು ಹೋಗಿ. ನಿಮ್ಮ ವಿಷಯಕ್ಕೆ ಶ್ರಮದ ಅರ್ಥಶಾಸ್ತ್ರವೂ ಸಮಾಜಶಾಸ್ತ್ರವೂ ಬೇಕಾಗಿರುವುದರಿಂದ, ಆ ವಿಭಾಗದವರೊಬ್ಬರನ್ನು ಸಹ ಮಾರ್ಗದರ್ಶಕರಾಗಿ ಪಡೆಯಲು ಸಾಧ್ಯವೇ ಎಂದು ಮಾನಸಗಂಗೋತ್ರಿಯಲ್ಲಿ ಖಂಡಿತ ವಿಚಾರಿಸಿ.

ಪ್ರಶ್ನೆ: ನಾಲ್ಕು ವರ್ಷದ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ ಮುಗಿಸಿದ್ದೇನೆ, ಶೇ. 71 ಅಂಕಗಳಿವೆ. ನಾನು ಸಾಮಾನ್ಯ ವರ್ಗದವನು. ನೇರವಾಗಿ ಪಿಎಚ್.ಡಿ. ಸೇರಬಹುದೆಂದು ಸ್ನೇಹಿತರು ಹೇಳುತ್ತಾರೆ, ನಿಜವೇ? ಮಧ್ಯವರ್ತಿಯೊಬ್ಬರು ಹೊರರಾಜ್ಯದ ಸಂಸ್ಥೆಯೊಂದರಲ್ಲಿ ಮನೆಯಲ್ಲೇ ಕುಳಿತು ಒಂದೂವರೆ ವರ್ಷದಲ್ಲಿ ಮುಗಿಸಿಕೊಡುತ್ತೇವೆ, ಪ್ರಬಂಧವನ್ನೂ ಬರೆಸಿಕೊಡುತ್ತೇವೆ ಎನ್ನುತ್ತಿದ್ದಾರೆ.
– ಓದುಗ, ಮೈಸೂರು

ಉತ್ತರ: ನಾಲ್ಕು ವರ್ಷದ ಪದವಿಯ ಆಧಾರದ ಮೇಲೆ ನೇರ ಪ್ರವೇಶಕ್ಕೆ ಶೇ. 75 ಅಂಕ ಬೇಕು. ನಿಮಗೆ ನಾಲ್ಕು ಕಡಿಮೆಯಿವೆ. ಸ್ನಾತಕೋತ್ತರ ಪದವಿ ಮಾಡಿ, ಸಾಧ್ಯವಾದರೆ ನಡುವೆ ಒಂದೆರಡು ವರ್ಷ ಅಡುಗೆಮನೆಯಲ್ಲೋ ಹೌಸ್‌ಕೀಪಿಂಗ್‌ನಲ್ಲೋ ದುಡಿಯಿರಿ. ಮೇಲಿನ ಪತ್ರ ಬರೆದ ಹೆಣ್ಣುಮಗಳಿಗೆ ಪ್ರಶ್ನೆ ಸಿಕ್ಕಿದ್ದು ಕೌಂಟರಿನ ಹಿಂದೆ ನಿಂತಾಗ.

ಮಧ್ಯವರ್ತಿಯ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮೂರು ವರ್ಷಕ್ಕಿಂತ ಮೊದಲು ಪಿಎಚ್.ಡಿ. ಮುಗಿಸಲು ನಿಯಮದಲ್ಲಿ ಅವಕಾಶವೇ ಇಲ್ಲ. ದೂರಶಿಕ್ಷಣದ ಅಥವಾ ಆನ್‌ಲೈನ್ ಕ್ರಮದ ಪಿಎಚ್.ಡಿ.ಗೂ ಮಾನ್ಯತೆಯಿಲ್ಲ. ಮಹಾಪ್ರಬಂಧ ಕೃತಿಚೌರ್ಯ ತಪಾಸಣೆಗೆ ಒಳಪಡುತ್ತದೆ, ಹೊರಗಿನ ಇಬ್ಬರು ಪರೀಕ್ಷಕರ ಕೈಗೆ ಹೋಗುತ್ತದೆ, ಅನಂತರ ಮೌಖಿಕ ಪರೀಕ್ಷೆಯಲ್ಲಿ ನೀವು ಅದನ್ನು ಸಮರ್ಥಿಸಿಕೊಳ್ಳಬೇಕು. ಬೇರೆಯವರು ಬರೆದದ್ದನ್ನು ಅಲ್ಲಿ ಯಾವ ಬಾಯಿಯಿಂದ ಸಮರ್ಥಿಸುತ್ತೀರಿ? ಬರೆಸಿಕೊಂಡದ್ದು ಎಂದು ಗೊತ್ತಾದರೆ ಪದವಿ ಪಡೆದ ಮೇಲೂ ಅದನ್ನು ಹಿಂಪಡೆಯಬಹುದು. ನಿಮ್ಮ ತಂದೆತಾಯಿಯ ದುಡ್ಡು ಅದು. ದಯವಿಟ್ಟು ಆ ಬಾಗಿಲಿಗೆ ಹೋಗಬೇಡಿ.

ಪ್ರಶ್ನೆ: ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಹೋಟೆಲಿನ ರೂಮ್ ಬಾಯ್‌ಗಳ ಕೆಲಸದ ಒತ್ತಡದ ಬಗ್ಗೆ ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು ಕೊಟ್ಟೆ. ಐದು ಆಯ್ಕೆಗಳಲ್ಲಿ ಎಲ್ಲರೂ ‘ಒಪ್ಪುತ್ತೇನೆ’ ಎಂಬುದಕ್ಕೇ ಗುರುತು ಹಾಕಿದ್ದಾರೆ. ಏನು ಮಾಡಲಿ?
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಉತ್ತರ: ಆ ಹಾಳೆಗಳನ್ನು ಎತ್ತಿಡಿ, ಎಸೆಯಬೇಡಿ. ತಪ್ಪು ಹುಡುಗರದ್ದಲ್ಲ, ಭಾಷೆಯದ್ದು. ‘ನನ್ನ ಕಾರ್ಯಭಾರವು ನನ್ನ ಸಾಮರ್ಥ್ಯಕ್ಕೆ ಅನುಗುಣವಾಗಿದೆ’ ಎಂಬ ವಾಕ್ಯವನ್ನು ಮಳವಳ್ಳಿಯ ಹುಡುಗನೊಬ್ಬ ಓದಿದರೆ, ಸಾಹೇಬರು ಕೇಳಿದ್ದಕ್ಕೆ ‘ಹೂಂ’ ಎನ್ನುವುದೇ ಕ್ಷೇಮ ಎಂದುಕೊಳ್ಳುತ್ತಾನೆ. ಅದೇ ಮಾತನ್ನು ‘ಒಂದು ಪಾಳಿಯಲ್ಲಿ ನಿನಗೆ ಎಷ್ಟು ರೂಮು ಕೊಡುತ್ತಾರೆ? ಎಷ್ಟು ರೂಮು ಆದ ಮೇಲೆ ಸೊಂಟ ಹಿಡಿಯುತ್ತದೆ?’ ಎಂದು ಕೇಳಿ ನೋಡಿ, ಅವನು ಲೆಕ್ಕ ಹಾಕಿ ಹೇಳುತ್ತಾನೆ.

ಅನುವಾದಕ್ಕೆ ಒಂದು ಒಪ್ಪಿತ ವಿಧಾನವಿದೆ. ಒಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತರಬೇಕು. ಮೂಲವನ್ನು ನೋಡಿರದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ಮಾಡಬೇಕು. ಎರಡು ಇಂಗ್ಲಿಷ್ ಪಾಠಗಳು ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಕನ್ನಡವನ್ನು ತಿದ್ದಬೇಕು. 1970ರಿಂದ ಬಳಕೆಯಲ್ಲಿರುವ ಈ ಕ್ರಮವನ್ನು ಪರೀಕ್ಷಕರು ಪ್ರಶ್ನಿಸುವುದಿಲ್ಲ. ನಮ್ಮ ಕಡೆಗೆ ಇನ್ನೊಂದು ಹೆಜ್ಜೆಯನ್ನು ಸೇರಿಸಿ: ತಿದ್ದಿದ ಕನ್ನಡವನ್ನು ಐದಾರು ಹುಡುಗರ ಎದುರು ಗಟ್ಟಿಯಾಗಿ ಓದಿ, ಅವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಲಿ. ಐದು ಆಯ್ಕೆಗಳ ಬದಲು, ಖಾಲಿಯಿಂದ ತುಂಬಿದ ತನಕ ನೀರಿರುವ ಐದು ಬಿಂದಿಗೆಗಳ ಚಿತ್ರ ಬರೆದು ತೋರಿಸಿದರೂ ಆದೀತು. ಹೊಸ ಪ್ರಶ್ನಾವಳಿಯನ್ನು ಮೊದಲು ಮೂವತ್ತು ಜನರಿಗಷ್ಟೇ ಕೊಟ್ಟು, ಬಂದ ಉತ್ತರಗಳನ್ನು ಈಗಿನ ಹಾಳೆಗಳ ಪಕ್ಕದಲ್ಲಿಟ್ಟು ನಿಮ್ಮ ಮಾರ್ಗದರ್ಶಕರಿಗೆ ತೋರಿಸಿ. ಹಳೆಯ ಹಾಳೆಗಳು ವಿಧಾನದ ಅಧ್ಯಾಯದಲ್ಲಿ ಅಲ್ಲೇ ಉಪಯೋಗಕ್ಕೆ ಬರುತ್ತವೆ.