ಏಳು ಎಂಬ ಅಂಕಿಯ ಹಿಂದಿನ ಮಕ್ಕಳು

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲ್ಲೂಕಿನ ಹಿರಿಯ ಪ್ರಾಥಮಿಕ ಶಾಲೆಯೊಂದರ ಮುಖ್ಯೋಪಾಧ್ಯಾಯ. ಪ್ರತಿ ವರ್ಷ ಶಾಲೆಗಳಿಂದ ಸರ್ಕಾರ ಸಂಗ್ರಹಿಸುವ ಯು-ಡೈಸ್ ಮಾಹಿತಿಯಲ್ಲಿ ನಮ್ಮ ಶಾಲೆಯ ವಿಶೇಷ ಅಗತ್ಯವುಳ್ಳ ಮಕ್ಕಳ ಸಂಖ್ಯೆ ಕಳೆದ ವರ್ಷ 11 ಇತ್ತು, ಈ ವರ್ಷ 7 ಆಗಿದೆ. ಇದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪಾಲಕರ ಮುಂದೆ ಹೇಗೆ ಇಡಬೇಕು? ರಾಜ್ಯದ ವರದಿಗೆ ಹೋಗುವ ಅಂಕಿಗಳಲ್ಲಿ ಅವರ ಪಾತ್ರವೇನು?

ಉತ್ತರ: ಸಭೆ ಕರೆಯುವ ಮೊದಲು ಎರಡೂ ವರ್ಷದ ಹೆಸರುಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನೋಡಿ. ಈ ವರ್ಷ ಹೊಸದಾಗಿ ಇಬ್ಬರು ಸೇರಿದ್ದರೆ, ಪಟ್ಟಿಯಿಂದ ಬಿಟ್ಟುಹೋದವರು ನಾಲ್ವರಲ್ಲ, ಆರು ಮಂದಿ. ಒಬ್ಬ ಹುಡುಗ ಮೇಲಿನ ತರಗತಿಗೆಂದು ಪ್ರೌಢಶಾಲೆ ಸೇರಿರಬಹುದು, ಒಬ್ಬ ಹುಡುಗಿಯ ಮನೆಯವರು ಬೆಂಗಳೂರಿಗೆ ಗುಳೆ ಹೋಗಿರಬಹುದು, ಇನ್ನೊಂದು ಮಗುವಿಗೆ ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಇಲ್ಲವೆಂಬ ಕಾರಣಕ್ಕೆ ಯಾರೋ ಅಂಗವೈಕಲ್ಯದ ಕಾಲಂ ಖಾಲಿ ಬಿಟ್ಟಿರಬಹುದು. ಮೇಲಿನ ಕಚೇರಿಗೆ ಈ ಮೂರೂ ಒಂದೇ ಇಳಿಕೆಯಾಗಿ ಕಾಣುತ್ತವೆ. ಆದರೆ ಮೊದಲನೆಯದು ಸಂತೋಷದ ಸುದ್ದಿ, ಎರಡನೆಯದರಲ್ಲಿ ಆ ಮಗು ಅಲ್ಲಿನ ಶಾಲೆಗೆ ಸೇರಿದೆಯೇ ಎಂದು ಬೆನ್ನುಹತ್ತಿ ವಿಚಾರಿಸಬೇಕು, ಮೂರನೆಯದು ನಾವೇ ತಿದ್ದಬೇಕಾದ ತಪ್ಪು.

ಸಂಖ್ಯೆ ಏರಿದರೂ ಗಾಬರಿಯಾಗಬೇಕಿಲ್ಲ. ಅಂಗವಿಕಲರ ಕುರಿತ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ವಿಸ್ತರಿಸಿತು, ಕಲಿಕಾ ನ್ಯೂನತೆಯೂ ಆಟಿಸಂ ಕೂಡ ಅದರೊಳಗೆ ಬಂದವು. ವರ್ಷಗಟ್ಟಲೆ ‘ದಡ್ಡ’ ಎನ್ನಿಸಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತಿದ್ದ ಮಗುವನ್ನು ಶಿಕ್ಷಕರು ಸರಿಯಾಗಿ ಗುರುತಿಸಿದ ವರ್ಷ ಅಂಕಿ ಏರುತ್ತದೆ, ಮತ್ತು ಅದು ಒಳ್ಳೆಯ ಕೆಲಸದ ಗುರುತು.

ಅದೇ ಕಾಯ್ದೆಯ 16ನೇ ಕಲಂ ಪ್ರತಿ ಅಂಗವಿಕಲ ವಿದ್ಯಾರ್ಥಿಯ ಪಾಲ್ಗೊಳ್ಳುವಿಕೆ, ಕಲಿಕಾಮಟ್ಟ ಮತ್ತು ಶಿಕ್ಷಣ ಪೂರೈಸುವಿಕೆಯ ಮೇಲೆ ನಿಗಾ ಇಡಬೇಕೆನ್ನುತ್ತದೆ. ಆದ್ದರಿಂದ ತಲೆ ಎಣಿಕೆಯಷ್ಟೇ ಸಾಲದು. ಆ ಏಳು ಮಕ್ಕಳು ಎಷ್ಟು ದಿನ ಶಾಲೆಗೆ ಬಂದರು, ಏನು ಕಲಿತರು ಎಂಬುದೂ ನಿಮ್ಮ ಬಳಿ ಇರಬೇಕು. ಇನ್ನು ಪಾಲಕರ ಪಾತ್ರದ ಮಾತು: ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನಡಿ ಪ್ರತಿ ರಾಜ್ಯವೂ ಕೇಂದ್ರ ಸರ್ಕಾರಕ್ಕೆ ವಾರ್ಷಿಕ ಸಾಧನಾ ವರದಿ ಸಲ್ಲಿಸುತ್ತದೆ. ಗುರಿಗಳನ್ನು ನಿಗದಿಪಡಿಸುವಾಗ ಪಾಲಕರನ್ನು ಹೇಗೆ ಸೇರಿಸಿಕೊಳ್ಳಲಾಯಿತು ಎಂಬುದನ್ನೂ ಅದರಲ್ಲಿ ಬರೆಯಬೇಕು. ನಮ್ಮ ಶಾಲೆಗಳೂ ಅಳವಡಿಸಿಕೊಳ್ಳಲೇಬೇಕಾದ ಕ್ರಮವಿದು ಎಂಬುದು ನನ್ನ ದೃಢ ಅಭಿಪ್ರಾಯ.

ಪಾಲಕರನ್ನು ಮಾಹಿತಿ ಅಂತಿಮಗೊಳ್ಳುವ ಮೊದಲೇ ಕರೆಯಿರಿ. ಮುಗಿದ ಅಂಕಿಯನ್ನು ಓದಿ ಹೇಳಿ ಸಹಿ ಪಡೆದರೆ ಅದು ಸಹಭಾಗಿತ್ವವಾಗುವುದಿಲ್ಲ. ಒಂದು ಎಚ್ಚರ ಮಾತ್ರ ಅಗತ್ಯ: ‘ದೃಷ್ಟಿದೋಷ 1, ಬುದ್ಧಿಮಾಂದ್ಯ 1’ ಎಂದು ಗೋಡೆಗೆ ಹಚ್ಚಿದರೆ ಸಣ್ಣ ಊರಿನಲ್ಲಿ ಅದು ಮಗುವಿನ ಹೆಸರು ಬರೆದಂತೆಯೇ. ಸಭೆಯಲ್ಲಿ ಒಟ್ಟು ಸಂಖ್ಯೆ, ಹಾಜರಾತಿ ಮತ್ತು ಬೇಕಾದ ಸೌಲಭ್ಯಗಳ ಚರ್ಚೆ ಸಾಕು. ಮಗುವಿನ ವಿವರವನ್ನು ಅದರ ತಂದೆತಾಯಿಗೆ ಮಾತ್ರ ಪ್ರತ್ಯೇಕವಾಗಿ ತೋರಿಸಿ, ತಪ್ಪಿದ್ದರೆ ಅಲ್ಲೇ ತಿದ್ದಿಕೊಳ್ಳಿ. ಗೃಹಾಧಾರಿತ ಶಿಕ್ಷಣದಲ್ಲಿರುವ ಮಗುವಿನ ತಾಯಿ ಮಗುವನ್ನು ಬಿಟ್ಟು ಸಭೆಗೆ ಬರಲಾರಳು, ಅವರ ಮನೆಗೆ ನೀವೇ ಹೋಗಬೇಕು.

ಪಾಲಕರು ಹೇಳಿದ ತಿದ್ದುಪಡಿಗಳನ್ನು, ಇಳಿಕೆಗೆ ಕಂಡುಬಂದ ಕಾರಣಗಳನ್ನು ಹೆಸರಿಲ್ಲದೆ ಸಭೆಯ ನಡಾವಳಿಯಲ್ಲಿ ಬರೆಸಿ, ಅದರ ಪ್ರತಿಯನ್ನು ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ (ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ) ಶಿಕ್ಷಕರಿಗೆ ತಲುಪಿಸಿ. ಗುಳೆ ಹೋದ ಮಗುವಿನ ವಿವರವನ್ನು ಮಾತ್ರ ಅವರಿಗೆ ಬೇರೆಯಾಗಿ, ಆ ದಿನವೇ ಕೊಡಿ.